ಗೊಬ್ಬರದ ಪೆಟ್ಟಿಗೆಯ ನಡುಹಲಗೆ

ಬೆಳಗಾಗುತ್ತಲೇ ಹಿತ್ತಿಲ ಗೋಡೆಯಾಚೆ ಗರಗಸದ ಸದ್ದು ಏಳುತ್ತಿತ್ತು. ಮೊದಲು ಗಂಟಲು ಸರಿಮಾಡಿಕೊಂಡಂತೆ ಸಣ್ಣಗೆ, ಆಮೇಲೆ ಉದ್ದಕ್ಕೆ, ನಿಲ್ಲದೆ. ಅಂಧೇರಿಯ ಆ ಬಿಲ್ಡಿಂಗಿನ ಹಿಂದೆ ಸಿನಿಮಾ ಸ್ಟುಡಿಯೋ ಒಂದಿತ್ತು. ಅಲ್ಲಿ ಹಲಗೆಗಳಲ್ಲೇ ಅರಮನೆ ಕಟ್ಟುತ್ತಿದ್ದರು, ಚಿತ್ರ ತೆಗೆದಾದ ಮೇಲೆ ಕೆಡವುತ್ತಿದ್ದರು. ನೆಲ ಅಂತಸ್ತಿನ ಎರಡು ಕೋಣೆಯ ಮನೆಯಲ್ಲಿ ಅಮ್ಮಣ್ಣಿ ಆ ಸದ್ದಿಗೇ ಏಳುತ್ತಿದ್ದಳು.

ಅದು ಅವಳ ಅಳಿಯ ಜಯಸಿಂಹನ ಮನೆ. ಮಗಳು ರಮಾಮಣಿಯ ಬಾಣಂತನಕ್ಕೆಂದು ಮೈಸೂರಿನಿಂದ ಬಂದವಳು, ಬಾಣಂತಿಯನ್ನು ಕಳೆದುಕೊಂಡು ಕೂಸನ್ನು ಎತ್ತಿಕೊಂಡಳು. ಊರಿನಲ್ಲಿ ಅವಳಿಗಿದ್ದದ್ದು ಅಣ್ಣನ ಮನೆಯ ಒಂದು ಮೂಲೆ ಮಾತ್ರ. ಇಲ್ಲಿಯೇ ಉಳಿದಳು. ಈಗ ಪುಟ್ಟಿಗೆ ಮೂರು ವರ್ಷ. ಅಜ್ಜಿಯ ಹೊಟ್ಟೆಯ ಮೇಲೆ ಕಾಲು ಹಾಕದೆ ನಿದ್ದೆ ಬಾರದು ಆ ಮಗುವಿಗೆ.

ಅಮ್ಮಣ್ಣಿಯ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಎದುರಿಗೆ ನಿಂತು ಮಾತಾಡುವ ಪದ್ಧತಿಯಿರಲಿಲ್ಲ. ರಮಾಮಣಿ ಇದ್ದಾಗ ಅವಳೇ ಈ ಕಡೆಯ ಮಾತನ್ನು ಆ ಕಡೆಗೆ ಒಯ್ಯುತ್ತಿದ್ದಳು, ನಡುವೆ ತನ್ನದೊಂದು ನಗೆಯನ್ನೂ ಸೇರಿಸುತ್ತಿದ್ದಳು. ಅವಳು ಹೋದ ಮೇಲೆ ಮಾತುಗಳು ಮಗುವಿನ ತಲೆಯ ಮೇಲಿಂದ ಹಾದುಹೋದವು. "ಪುಟ್ಟೀ, ಎಲೆ ಹಾಕಿದೆ ಅಂತ ಅಪ್ಪನಿಗೆ ಹೇಳು." "ಪುಟ್ಟೀ, ಇವತ್ತು ಆಫೀಸಿನಿಂದ ಬರೋದು ತಡ ಅಂತ ಅಜ್ಜಿಗೆ ಹೇಳು." ಉಪ್ಪು, ಇದ್ದಿಲು, ಕೊಡೆ, ಕೆಮ್ಮಿನ ಔಷಧಿ, ಇವೆಲ್ಲ ಹಾಗೆಯೇ ಸಾಗಿದವು. ದೊಡ್ಡ ಮಾತು ಸಾಗಲಿಲ್ಲ.

ದೊಡ್ಡ ಮಾತು ಆ ಬೇಸಿಗೆಯಲ್ಲಿ ಹುಟ್ಟಿತ್ತು. ಜಯಸಿಂಹನ ಚಿಕ್ಕಪ್ಪ ಹಿರಿಯಣ್ಣನವರು ಊರಿನಿಂದ ಬಂದು, ಅವನ ಮರುಮದುವೆಗೆಂದು ಹಾಸನದ ಕಡೆಯ ಒಂದು ಹುಡುಗಿಯ ವಿಷಯ ತೆಗೆದಿದ್ದರು. ಹೊರಡುವಾಗ ಅಡಿಗೆಮನೆಯ ಬಾಗಿಲಿಗೆ ಬಂದು, "ನೀವೂ ಎಷ್ಟು ದಿನ ಅಂತ ಕಷ್ಟಪಡ್ತೀರಮ್ಮ. ಬರೋಳು ಬಂದ ಮೇಲೆ ಮಗು ತಾನಾಗಿ ಹೊಂದಿಕೊಳ್ಳುತ್ತೆ" ಎಂದಿದ್ದರು. ಅದು ಕನಿಕರವೋ, ಹೊರಡು ಎಂಬ ಸೂಚನೆಯೋ ಅಮ್ಮಣ್ಣಿಗೆ ತಿಳಿಯಲಿಲ್ಲ. ಅಳಿಯನ ಮನಸ್ಸಿನಲ್ಲೂ ಅದೇ ಇದೆಯೇ? ಹೊಸ ಸೊಸೆ ಬರುವ ಮನೆಯಲ್ಲಿ ಸತ್ತವಳ ತಾಯಿ ಇರಬಹುದೇ? ಕೇಳುವುದಕ್ಕೆ ದಾರಿಯಿರಲಿಲ್ಲ. ಮೂರು ವರ್ಷದ ಮಗುವಿನ ಬಾಯಲ್ಲಿ ಕೇಳಿಸುವ ಪ್ರಶ್ನೆಯೇ ಅದು?

ಅವಳು ಹಿತ್ತಿಲಿಗೆ ಹೋಗಿ ಗೊಬ್ಬರ ಕೆದಕುತ್ತಿದ್ದಳು. ಅಂಗೈಯಗಲದ ಆ ಹಿತ್ತಿಲಿನಲ್ಲಿ ರಮಾಮಣಿ ನೆಟ್ಟ ತುಳಸಿಯಿತ್ತು. ಗೋಡೆಯ ಪಕ್ಕ ಒಂದು ಗುಂಡಿ ಮುಸುರೆಗೆ, ಊಟದ ಎಲೆಗೆ. ತುಳಸಿಯ ಹತ್ತಿರ ಇನ್ನೊಂದು, ತರಕಾರಿ ಸಿಪ್ಪೆಗೆ, ದೇವರ ಮೇಲಿಂದ ತೆಗೆದ ಹೂವಿಗೆ. ಎಂಜಲಿನ ಗೊಬ್ಬರ ತುಳಸಿಗೆ ಆಗದು. "ಅಮ್ಮಾ, ಮಣ್ಣಿಗೂ ಮಡಿಯೇನೇ?" ಎಂದು ಮಗಳು ರೇಗಿಸುತ್ತಿದ್ದಳು.

ಅದೇ ವರ್ಷ, ಐವತ್ತಾರನೆಯ ಇಸವಿಯ ಮಳೆಗಾಲದಲ್ಲಿ ಮುನ್ಸಿಪಾಲಿಟಿಯವನು ಬಂದು ಗುಂಡಿಗಳಲ್ಲಿ ನಿಂತ ನೀರನ್ನು ನೋಡಿದ. ಸೊಳ್ಳೆಯಾಗುತ್ತದೆ, ಗುಂಡಿ ಮುಚ್ಚಿ, ಮುಚ್ಚಳವಿರುವುದು ಯಾವುದಾದರೂ ಒಂದನ್ನು ಇಟ್ಟುಕೊಳ್ಳಿ ಎಂದು ಹೇಳಿಹೋದ. ಶಹರದ ಕೋಟೆ ಪ್ರದೇಶದ ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಜಯಸಿಂಹ ಎಲ್ಲಿಂದಲೋ ಒಂದು ಎಣ್ಣೆಯ ಡ್ರಮ್ಮನ್ನು ತೊಳೆಸಿ ತಂದ. ಗಟ್ಟಿ ಕಬ್ಬಿಣ, ಬಿಗಿಯಾದ ಮುಚ್ಚಳ. ನೋಡಲು ಚೊಕ್ಕವಾಗಿತ್ತು. ಆದರೆ ಗಾಳಿಯಾಡಲು ಒಂದು ತೂತೂ ಇರಲಿಲ್ಲ. ಒಳಗೆ ಬಿದ್ದದ್ದು ಮಣ್ಣಾಗದೆ ಕೊಳೆಯಿತು. ಮುಚ್ಚಳ ತೆಗೆದ ದಿನ ಮೇಲಿನ ಗ್ಯಾಲರಿಯಿಂದ ನೀಲಾವತಿ ಬಗ್ಗಿದಳು. ಉಡುಪಿಯ ಕಡೆಯವಳು. ಅವಳ ಗಂಡ ಸಾಂತಾಕ್ರೂಜಿನ ಹೋಟೆಲೊಂದರಲ್ಲಿ ಭಟ್ಟ.

"ಎಂತದ್ದು ಅಮ್ಮಣ್ಣಿಯಕ್ಕ, ಡ್ರಮ್ಮಿನೊಳಗೆ ಹೆಣ ಗಿಣ ಉಂಟಾ? ಇಡೀ ಬಿಲ್ಡಿಂಗ್ ಮೂಗು ಮುಚ್ಚಿ ಕೂತಿದೆ ಮಾರಾಯ್ರೆ!"

"ತೆಗೆಸ್ತೀನಮ್ಮ, ತೆಗೆಸ್ತೀನಿ."

"ಹೋಟೆಲಿನ ಉಪ್ಪಿನಕಾಯಿ ಭರಣಿ ಒಂದು ಉಂಟು, ಕಂಠ ಒಡೆದದ್ದು. ತರಿಸಲಾ?"

ಭರಣಿ ಬಂತು. ಅದಕ್ಕೂ ಉಸಿರಿಲ್ಲ. ಕಿರಾಣಿಯವನು ಕೊಟ್ಟ ಚಹಾದ ಪೆಟ್ಟಿಗೆಯ ಒಳಗೆ ತಗಡು ಹೊದೆಸಿತ್ತು. ಮಣ್ಣಿನ ಮಡಕೆ ವಾರದಲ್ಲಿ ತುಂಬಿಹೋಯಿತು. ಕೊನೆಗೆ ಅಮ್ಮಣ್ಣಿ ಗೋಡೆಯ ಆಚೆಗೆ ಕೂಗಿ ಸಿದ್ದಲಿಂಗಪ್ಪನನ್ನು ಕರೆದಳು. ಗದಗಿನ ಕಡೆಯ ಬಡಗಿ, ಸ್ಟುಡಿಯೋದಲ್ಲಿ ಕೆಲಸ. ಗೋಡೆಯಾಚೆಯಿಂದ ಅವಳ ಕನ್ನಡ ಕಿವಿಗೆ ಬಿದ್ದ ದಿನದಿಂದ ಅವಳ ಕೈಯ ಮಜ್ಜಿಗೆ ಕುಡಿಯುತ್ತಿದ್ದವನು. ಮರದ ಪೆಟ್ಟಿಗೆಯೇ ಸೈ ಎಂದು ಇಬ್ಬರೂ ಸೇರಿ ತೀರ್ಮಾನಿಸಿದರು. ಎರಡು ಖಾನೆ ಇರಲಿ ಎಂದು ಅಭ್ಯಾಸಬಲದಿಂದ ಅವಳ ಬಾಯಲ್ಲಿ ಬಂದಿತ್ತು. ಆಮೇಲೆ, ತಾನು ಹೋದರೆ ಅದನ್ನು ನೋಡಿಕೊಳ್ಳುವವರು ಯಾರು ಎಂದು ಯೋಚನೆಗಿಟ್ಟುಕೊಂಡಿತು.

ಭಾನುವಾರ ಅವನು ಪೆಟ್ಟಿಗೆ ಹೊತ್ತು ತಂದು ಹಿತ್ತಿಲಲ್ಲಿ ಇಳಿಸಿದ. ಜಯಸಿಂಹ ತುಳಸಿಯ ಪಕ್ಕದ ಕಲ್ಲಿನ ಮೇಲೆ ಕೂತು ಪತ್ರಿಕೆ ಓದುತ್ತಿದ್ದ. ಅಮ್ಮಣ್ಣಿ ಬಾಗಿಲ ಮರೆಯಲ್ಲಿ ನಿಂತಿದ್ದಳು.

"ನೋಡ್ರಿ ಅಮ್ಮಾರ, ಗಾಳಿ ಆಡಾಕ ಪಟ್ಟಿ ನಡುವ ಸಂದು ಬಿಟ್ಟೀನಿ. ತಳಕ್ಕ ಇಟ್ಟಂಗಿ ಇಡ್ರಿ. ಒಂದೊಂದು ಪದರಕ್ಕ ಮರದ ಪುಡಿ ಉದರಿಸ್ರಿ, ನಾ ಕೊಡ್ತೀನಿ. ಇನ್ನ ನಡುವಿನ ಹಲಗಿ ಬಡೀಲೇನು?"

ಅಮ್ಮಣ್ಣಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ಅಳಿಯಂದಿರನ್ನು ಕೇಳಪ್ಪ. ಹಲಗೆ ಹಾಕಿದರೆ ಒಂದರಲ್ಲಿ ಮಡಿ, ಒಂದರಲ್ಲಿ ಮುಸುರೆ. ಬೇರೆ ಬೇರೆ ನೋಡಿಕೊಳ್ಳೋಕೆ ಒಬ್ಬರು ಬೇಕು. ಮುಂದೆ ಈ ಮನೆಯಲ್ಲಿ ಅದಕ್ಕೆ ಯಾರಿರ್ತಾರೆ ಅಂತ ಕೇಳು."

ಪತ್ರಿಕೆ ಮಡಿಚಿದ ಸದ್ದಾಯಿತು. "ಒಂದೇ ಖಾನೆ ಸಾಕು ಅಂತ ಹೇಳಿ ಸಿದ್ದಲಿಂಗಪ್ಪ. ಹೊಸದಾಗಿ ಬರೋರಿಗೆ ಇದೆಲ್ಲ ಗೊತ್ತಿರೋಲ್ಲ."

"ಅಲ್ರೀ ಸಾಹೇಬ್ರ, ಇಬ್ರೂ ಇಲ್ಲೇ ಅದೀರಿ. ನಡುವ ನಾನೇನು ಟೆಲಿಫೋನ್ ತಂತೀ ಏನ್ರಿ?" ಸಿದ್ದಲಿಂಗಪ್ಪ ಒಬ್ಬನೇ ನಕ್ಕ.

ಅಮ್ಮಣ್ಣಿಗೆ ಉತ್ತರ ಸಿಕ್ಕಿತ್ತು. ಅಣ್ಣನ ಮನೆಯ ಮೂಲೆ ಕಣ್ಣಿಗೆ ಬಂತು. ರಾತ್ರಿ ಹೊಟ್ಟೆಯ ಮೇಲೆ ಬೀಳುವ ಆ ಪುಟ್ಟ ಕಾಲಿನ ಭಾರವಿಲ್ಲದೆ ಹೇಗೆ ಮಲಗುವುದು ಎಂದುಕೊಂಡಳು. ಆದರೂ ಮಾತು ತಾನಾಗಿ ಹೊರಟಿತು.

"ಗೊತ್ತಿಲ್ಲದಿದ್ದರೆ ಹೇಳಿಕೊಡಬಹುದಲ್ಲ ಅಂತ ಹೇಳಪ್ಪ."

"ಹೇಳಿಕೊಡೋರು ಇಲ್ಲಿ ಇರ್ತಾರಾ ಅಂತ ಕೇಳಿ," ಎಂದ ಜಯಸಿಂಹ, ತೀರ ಮೆಲ್ಲಗೆ.

ಸಿದ್ದಲಿಂಗಪ್ಪ ಸುತ್ತಿಗೆಯನ್ನು ಕೆಳಗಿಟ್ಟ. ಇದು ಪೆಟ್ಟಿಗೆಯ ಮಾತಲ್ಲ ಎಂದು ಅವನಿಗೂ ತಿಳಿಯಿತು.

ಜಯಸಿಂಹ ತುಳಸಿಯ ಕಡೆ ನೋಡುತ್ತ ಹೇಳಿದ: "ಚಿಕ್ಕಪ್ಪನಿಗೆ ನಾನಿನ್ನೂ ಹೂಂ ಅಂದಿಲ್ಲ ಅಂತ ಹೇಳಿ. ಅವರ ಮಗಳು ಓಡಾಡಿದ ಮನೆ. ಇನ್ನೊಬ್ಬಳು ಓಡಾಡೋದನ್ನು ನೋಡಿಕೊಂಡು ಇರಿ ಅಂತ ಯಾವ ಬಾಯಲ್ಲಿ ಕೇಳಲಿ? ಅವರು ಹೋಗ್ತೀನಿ ಅಂದರೆ ನನಗೆ ಈ ಮದುವೆಯೇ ಬೇಡ."

ಸಿದ್ದಲಿಂಗಪ್ಪ ಬಾಗಿಲ ಕಡೆ ತಿರುಗಿದ. 

ಇಷ್ಟು ದಿನ ತಾನೊಬ್ಬಳೇ ಹೆದರಿದ್ದೇನೆ ಎಂದುಕೊಂಡಿದ್ದಳು ಅಮ್ಮಣ್ಣಿ. ಈಗ ಪ್ರಶ್ನೆ ತನ್ನ ಕಡೆಗೇ ತಿರುಗಿ ನಿಂತಿತ್ತು. ತುಳಸಿಯ ಮುಂದೆ ಒದ್ದೆ ಕೂದಲಿನ ಬೇರೊಬ್ಬ ಹುಡುಗಿ, ಕೈಯಲ್ಲಿ ತಂಬಿಗೆ. ನೆನೆಸಿಕೊಂಡಳು. ಎದೆಯಲ್ಲಿ ಚುಚ್ಚಿದಂತಾಯಿತು. ಆ ನೋವು ಹೋಗಲೆಂದು ಕಾದಳು. ಹೋಗಲಿಲ್ಲ. ಅದರ ಜೊತೆಯಲ್ಲೇ ಹೊಸ್ತಿಲು ದಾಟಿದಳು, ಪೆಟ್ಟಿಗೆಯನ್ನು ಬಳಸಿ ಬಂದು ಅಳಿಯನ ಎದುರಿಗೆ ನಿಂತಳು. ಕಣ್ಣು ನೆಲದ ಮೇಲೆಯೇ ಇತ್ತು.

"ಹಲಗೆ ಬೇಡ," ಎಂದಳು. ಮೂರು ವರ್ಷದಲ್ಲಿ ನೇರವಾಗಿ ಅವನಿಗೇ ಆಡಿದ ಮೊದಲ ಮಾತು. "ಚಿಕ್ಕ ಹುಡುಗಿ. ಬಂದ ದಿನವೇ ಅದು ಮುಟ್ಟಬೇಡ, ಇದು ಬೆರೆಸಬೇಡ ಅಂದರೆ ಹೆದರಿಕೊಳ್ತಾಳೆ. ಎಲ್ಲ ಒಂದರಲ್ಲೇ ಮಣ್ಣಾಗಲಿ. ದೇವರ ಹೂವು ನಾನೊಂದು ಕುಂಡದಲ್ಲಿ ಹಾಕಿಕೊಳ್ತೀನಿ. ಚಿಕ್ಕಪ್ಪನವರಿಗೆ ಹೂಂ ಅಂದುಬಿಡಿ. ನಾನು ಎಲ್ಲಿಗೂ ಹೋಗೋಲ್ಲ."

ಜಯಸಿಂಹ ಎದ್ದು ನಿಂತ. 

"ಆಮೇಲೆ, ಪುಟ್ಟಿ ಅವಳನ್ನು ಅಮ್ಮ ಅಂತ ಕರೆದರೂ ನನಗೆ..." ಎನ್ನುತ್ತ ಅಮ್ಮಣ್ಣಿ ಸೆರಗನ್ನು ಎಳೆದುಕೊಂಡು, ಮಾತು ಅಷ್ಟಕ್ಕೇ ಬಿಟ್ಟು, ಅಡಿಗೆಮನೆಯ ಕಡೆಗೆ ನಡೆದುಬಿಟ್ಟಳು.