ಎಂಟು ಕಿಲೋಮೀಟರಿನ ಆಕಾಶ

ನಂಬುವುದಿದ್ದರೆ ನಂಬಿ, ಬಿಟ್ಟರೆ ಬಿಡಿ. ವಿಮಾನದ ಮೆಟ್ಟಿಲನ್ನೇ ತುಳಿಯದ ನಾನು, ಪೈಲಟ್‌ಗಳಿಗೆಂದು ಬರೆಯುವ ಹವಾಮಾನದ ಮುನ್ಸೂಚನೆಯನ್ನು ಸರಾಗವಾಗಿ ಓದಬಲ್ಲೆ. ಜಗಳೂರು ತಾಲ್ಲೂಕಿನಲ್ಲಿ ಈ ವಿದ್ಯೆ ಬಲ್ಲ ಮುದುಕ ಇನ್ನೊಬ್ಬನಿದ್ದರೆ ತೋರಿಸಿ, ಮೀಸೆ ಬೋಳಿಸಿಕೊಳ್ಳುತ್ತೇನೆ. ಮುಂದೆ ಹೇಳುವುದರಲ್ಲಿ ಒಂದೇ ಒಂದು ಸುಳ್ಳಿದೆ. ನನ್ನ ಲೆಕ್ಕಕ್ಕೆ ಅದು ಬಹಳ ಕಡಿಮೆ.

ಮೊನ್ನೆ ಹಳೆಯ ಕನ್ನಡಕದ ಡಬ್ಬಿ ತೆರೆದಾಗ ಅದರಲ್ಲೊಂದು ಸೀಮೆಸುಣ್ಣದ ತುಂಡು ಸಿಕ್ಕಿತು. ಮೂಗಿನ ಹತ್ತಿರ ಹಿಡಿದೆ. ಎದುರು ಮನೆಯ ಮೇಡಂ ನೆನಪಾದರು...

ಯಾವುದೋ ದೂರದ ಊರಿನ ವಿಮಾನ ನಿಲ್ದಾಣದ ಹವಾಮಾನ ಕಚೇರಿಯಲ್ಲಿ ಕೆಲಸ ಮಾಡಿ, ನಿವೃತ್ತರಾಗಿ ನಮ್ಮ ಬೀದಿಗೆ ಬಂದವರು ಅವರು. ಮದುವೆಯಾಗಿರಲಿಲ್ಲ. ನಾನು ಹೆಂಡತಿಯನ್ನು ಕಳೆದುಕೊಂಡು ಬಹಳ ವರ್ಷವಾಗಿತ್ತು. ಕೆಲಸ ಬಿಟ್ಟರೂ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಬೆಳಿಗ್ಗೆ ಫೋನಿನಲ್ಲಿ ನಮಗೆ ಹತ್ತಿರದ ವಿಮಾನ ನಿಲ್ದಾಣದ ಮುನ್ಸೂಚನೆ ತೆಗೆದು, ಮನೆ ಮುಂದೆ ಶೀಟಿನ ಕೆಳಗಿನ ಗೋಡೆಯ ಮೇಲೆ, ಕಪ್ಪು ಬಣ್ಣ ಬಳಿಸಿದ್ದ ಚೌಕದಲ್ಲಿ, ಕನ್ನಡದಲ್ಲಿ ಬರೆಯುತ್ತಿದ್ದರು. ಗಾಳಿ ಎತ್ತಲಿಂದ, ಎಷ್ಟು ಜೋರು, ಎಷ್ಟು ದೂರ ಕಣ್ಣಿಗೆ ಕಾಣುತ್ತದೆ, ಮೋಡ ಎಷ್ಟು. ಕೊನೆಯ ಸಾಲು ಮಾತ್ರ ಎಂದೂ ಬದಲಾಗುತ್ತಿರಲಿಲ್ಲ: "ಇದು ವಿಮಾನ ನಿಲ್ದಾಣದ ಸುತ್ತ ಎಂಟು ಕಿಲೋಮೀಟರಿಗೆ ಮಾತ್ರ. ನಮ್ಮೂರಿಗಲ್ಲ."

"ನಮ್ಮೂರಿಗಲ್ದಿದ್ದು ನಮ್ಮೂರ ಗ್ವಾಡೆ ಮ್ಯಾಲೆ ಯಾಕ್ರೀ ಮೇಡಂ?" ಅಂತ ಕೆಣಕಿದ್ದೇ ನಮ್ಮ ಪರಿಚಯ.

"ಮುಖಾನೇ ನೋಡದ ಪೈಲಟ್ ಒಬ್ಬ ನಮ್ಮ ನಾಕು ಸಾಲು ನಂಬಿ, ಎಷ್ಟು ಎಣ್ಣೆ ತುಂಬಿಸ್ಕಬೇಕು ಅಂತ ಲೆಕ್ಕ ಹಾಕ್ತಾನೆ ಯಜಮಾನ್ರೇ. ಮುನ್ಸೂಚನೆ ತಪ್ಪಬಹುದು, ಸುಳ್ಳು ಹೇಳಬಾರದು. ಎಲ್ಲಿಗೆ ಅನ್ನೋದನ್ನ ಬಿಟ್ಟು ಹೇಳಿದ್ರೆ ಅದು ಸುಳ್ಳೇ."

ಅಂದಿನಿಂದ ನಾನು ಅವರ ಶಿಷ್ಯ. ಒಮ್ಮೆ ಜೋಳದ ರೊಟ್ಟಿಯನ್ನು ತಟ್ಟೆಯಲ್ಲಿಟ್ಟು ಎಂಟು ಚೂರು ಮಾಡಿದರು. "ಆಕಾಶಾನ ಹಿಂಗೆ ಎಂಟು ಪಾಲು ಮಾಡ್ಬೇಕು. ಒಂದೆರಡು ಪಾಲು ಮೋಡ ಇದ್ರೆ ಕೆಲವು ಅಂತ ಬರಿಯೋದು. ಎಂಟೂ ತುಂಬಿದ್ರೆ ಪೂರ್ತಿ ಮುಚ್ಚಿದ್ದು." ನಾನು ಎರಡು ಚೂರು ಬಾಯಿಗೆ ಹಾಕಿಕೊಂಡು, "ನೋಡ್ರಿ, ಆಗ್ಲೇ ಎರಡು ಪಾಲು ಬಿಸ್ಲು ಬಿತ್ತು" ಎಂದೆ. ನಗು ತಡೆಯಲು ಸೆರಗು ಬಾಯಿಗೆ ಹಿಡಿದರು. ಆ ನಗುವಿಗಾಗಿ ನಾನು ಎಷ್ಟು ರೊಟ್ಟಿ ತಿಂದೆನೋ...

ಮುನ್ಸೂಚನೆಯಲ್ಲಿ 'ಟೆಂಪೋ' ಎಂದು ಬಂದರೆ, ಆಗಾಗ ಬಂದು, ಪ್ರತಿ ಸಲವೂ ಒಂದು ತಾಸಿನೊಳಗೆ ಹೋಗುವ ಮಳೆಯೋ ಮಂಜೋ ಎಂದರ್ಥ. 'ಬಿಕಮಿಂಗ್' ಎಂದರೆ ಹವೆ ಮೆಲ್ಲಗೆ ಬದಲಾಗಿ ಹಾಗೇ ನಿಲ್ಲುವುದು. "ಹಂಗಾದ್ರೆ ನಾನು ಯಾವ್ದು ಮೇಡಂ?" ಎಂದು ಕೇಳಿದೆ. "ಟೆಂಪೋ ಅಂತೂ ಅಲ್ಲ ಬಿಡ್ರಿ, ಬಂದ್ರೆ ಎದ್ದು ಹೋಗಾಕೆ ಮನಸೇ ಮಾಡಲ್ಲ" ಎಂದರು.

ಮೆಕ್ಕೆಜೋಳ ಒಕ್ಕುವ ಕಾಲ. ಊರಿನವರೆಲ್ಲ ಕಾಳನ್ನು ರಸ್ತೆಯ ಮೇಲೆ ಹರವಿ ಒಣಗಿಸುತ್ತಿದ್ದರು. ಅಂದು ಗೋಡೆಯ ಮೇಲೆ 'ಮೋಡ ಎಂಟರಲ್ಲಿ ಎರಡು ಪಾಲು, ಸಂಜೆಯವರೆಗೆ ಮಳೆಯಿಲ್ಲ' ಎಂದಿತ್ತು. ಮೇಡಂ ತಿಂಡಿಗೆ ಒಳಗೆ ಹೋಗಿದ್ದರು. ಶಾಲೆಯಲ್ಲಿದ್ದಾಗಲೇ ಹೆಡ್‌ಮಾಸ್ತರರ ಅಕ್ಷರದಲ್ಲಿ ನನಗೆ ನಾನೇ ರಜೆ ಕೊಟ್ಟುಕೊಂಡ ಕೈ ಇದು. ಕೊನೆಯ ಸಾಲು ಒರೆಸಿ, ಥೇಟು ಅವರದೇ ಅಕ್ಷರದಲ್ಲಿ ಬರೆದೆ: "ನಮ್ಮೂರಿಗೂ ಸೇರಿ." ಸೀಮೆಸುಣ್ಣ ಜೇಬಿಗೆ ಹಾಕಿಕೊಂಡೆ. ಮೇಡಂ ಹೊರಗೆ ಬಂದು ನೋಡಿ, ರೇಗಿ, ರಸ್ತೆ ದಾಟಿ ನನ್ನನ್ನು ಬೈಯಲು ಬರಲಿ ಎಂಬುದಷ್ಟೇ ಆಸೆ. ಅವರು ಒಮ್ಮೆಯೂ ನಮ್ಮ ಮನೆಗೆ ಬಂದಿರಲಿಲ್ಲ.

ಅವರು ಹೊರಗೆ ಬರಲಿಲ್ಲ. ಓದಿದ್ದು ಬೇರೆಯವರು. ಪಕ್ಕದ ಓಣಿಯ ಕುರಿ ಸಾಕುವ ಹೆಂಗಸು, ಟಾರ್ಪಾಲಿನಡಿ ಮುಚ್ಚಿಟ್ಟಿದ್ದ ವರ್ಷದ ಬೆಳೆಯನ್ನೆಲ್ಲ ತಂದು ಹರವಿ, ಕುರಿ ಹೊಡೆದುಕೊಂಡು ಹೋದಳು. ಮಧ್ಯಾಹ್ನ ಗುಡುಗಿತು. ಅರ್ಧ ತಾಸು ಮಳೆ, ಅಷ್ಟೇ. ಉಳಿದವರು ಓಡಿಬಂದು ತಮ್ಮ ಕಾಳು ಬಾಚಿಕೊಂಡರು, ಅವಳದು ಚರಂಡಿ ಸೇರಿತು.

"ನಿಮ್ಮ ಗ್ವಾಡೆ ನಂಬಿ ಹಾಕಿದ್ನಲ್ರೀ!" ಎಂದು ಅವಳು ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಓದಿದೋರು ಹಿಂಗೆ ಸುಳ್ಳು ಬರೀಬಹುದಾ?"

ಜನ ಸೇರಿದರು. ಮೇಡಂ ಗೋಡೆಯತ್ತ ತಿರುಗಿ ಕೊನೆಯ ಸಾಲನ್ನು ಓದಿದರು. 'ಇದು ನಾನು ಬರೆದದ್ದಲ್ಲ' ಎಂದಿದ್ದರೆ ಮುಗಿಯುತ್ತಿತ್ತು. ನಾನು ಗುಂಪಿನಲ್ಲೇ ಇದ್ದೆ, ಜೇಬಿನಲ್ಲಿ ಕೈ ಇಟ್ಟುಕೊಂಡು.

"ಗೋಡೆ ನಂದು ಕಣಮ್ಮ. ಅದ್ರ ಮ್ಯಾಲೆ ಇರೋದು ನನ್ನ ಮಾತೇ. ತಪ್ಪಾತು" ಎಂದರು.

ಮರುದಿನ ಆ ಚೌಕಕ್ಕೆ ಸುಣ್ಣ ಹೊಡೆಸಿದರು. ನಾನು ಆ ಹೆಂಗಸಿನ ಅಳಿದುಳಿದ ಕಾಳನ್ನು ನನ್ನ ತಾರಸಿಗೆ ಸಾಗಿಸಿ, ವಾರವಿಡೀ ಕೈಯಾಡಿಸಿ ಒಣಗಿಸಿ ಕೊಟ್ಟೆ. ಊರು ನನ್ನನ್ನು ಹೊಗಳಿತು. ಕೆಲವೇ ತಿಂಗಳಲ್ಲಿ ಮೇಡಂ ಮನೆ ಮಾರಿ, ಹೊನ್ನಾಳಿಯ ತಂಗಿಯ ಮನೆಗೆ ಹೊರಟುಹೋದರು.

ಒಂದು ವರ್ಷ ತಡೆದು ಹೊನ್ನಾಳಿಯ ಬಸ್ಸು ಹತ್ತಿದೆ. ಬಹಳ ಸೊರಗಿದ್ದರು. ಕಾಫಿ ಕೊಟ್ಟರು. ಲೋಟ ಕೆಳಗಿಟ್ಟು, "ಅವತ್ತು ಗ್ವಾಡೆ ಮ್ಯಾಲೆ ಬರೆದೋನು ನಾನೇ ಮೇಡಂ" ಎಂದೆ. ಸೆರಗು ಬಾಯಿಗೆ ಹಿಡಿದು ನಕ್ಕರು. "ಗೊತ್ತಿತ್ತು ಬಿಡ್ರಿ ಯಜಮಾನ್ರೇ. ನಿಮ್ಮ ಜೇಬಿನ ಮ್ಯಾಲೆ ಸೀಮೆಸುಣ್ಣದ ಧೂಳು ನೋಡಿದ್ದೆ" ಎಂದರು.

ಆಮೇಲೆ ಹೆಚ್ಚು ದಿನ ಇರಲಿಲ್ಲ. ಸುದ್ದಿ ನನಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು...

ಎದುರು ಮನೆಯ ಗೋಡೆಗೆ ಈಗ ಹಸಿರು ಬಣ್ಣ. ಬೆಳಿಗ್ಗೆ ಎದ್ದು ಫೋನಿನಲ್ಲಿ ಮುನ್ಸೂಚನೆ ಓದುತ್ತೇನೆ, ಯಾರಿಗೂ ಹೇಳುವುದಿಲ್ಲ.

ಒಂದು ಸುಳ್ಳಿದೆ ಎಂದೆನಲ್ಲ. ಹೊನ್ನಾಳಿಗೆ ಹೋದದ್ದು ನಿಜ, ಕಾಫಿ ಕುಡಿದದ್ದೂ ನಿಜ. ಮೆಕ್ಕೆಜೋಳದ ಬಗ್ಗೆ, ಬಸ್ಸಿನ ಬಗ್ಗೆ, ನನ್ನ ಮಂಡಿನೋವಿನ ಬಗ್ಗೆ ಮಾತಾಡಿ, ಲೋಟ ಕೆಳಗಿಟ್ಟು ಎದ್ದು ಬಂದೆ. ಗೋಡೆಯ ಮಾತು ಬಾಯಿಗೆ ಬರಲೇ ಇಲ್ಲ. ಅವರು ಹೇಳಿದರೆಂದು ಮೇಲೆ ಬರೆದ ಆ ಎರಡು ಸಾಲೂ ಅವರದಲ್ಲ, ಅವರ ಅಕ್ಷರದಲ್ಲಿ ಮತ್ತೊಮ್ಮೆ ನಾನೇ ಬರೆದದ್ದು.