ಗೋಡೆಯಾಚೆಯ ನೆರೆ

ರಾಮದುರ್ಗದಿಂದ ಸವದತ್ತಿಯ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತು ನಮ್ಮೂರಿನ ಹೆಸರು ಹೇಳಿದರೆ ಕಂಡಕ್ಟರು ಈಗ "ಹಳೇದೋ, ಹೊಸಾದೋ?" ಎಂದು ಕೇಳುತ್ತಾನೆ. ಹೊಸದು ರಸ್ತೆಗೆ ಹತ್ತಿಕೊಂಡೇ ಇದೆ, ಕೆಂಪು ಮೊರಡಿಯ ದಿಬ್ಬದ ಮೇಲೆ. ಹಳೆಯದಕ್ಕೆ ಹೋಗಬೇಕೆಂದರೆ ಬಸ್ಸಿಳಿದು, ಎರೆಹೊಲಗಳ ನಡುವಿನ ಬಂಡಿದಾರಿ ಹಿಡಿದು ಮಲಪ್ರಭೆಯ ತನಕ ನಡೆಯಬೇಕು. ಅಲ್ಲಿ ಹೊಳೆ ಕುಡುಗೋಲಿನ ಹಾಗೆ ಬಾಗಿದೆ. ಆ ಬಾಗಿನ ಒಳಗೆ ನಮ್ಮ ಊರಿತ್ತು.

ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳು. ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಬೇಸಿಗೆಯಲ್ಲಿ ಶಾವಿಗೆ ಒಣಹಾಕಲು ಮೇಲೆ ಹತ್ತಿದ ಹೆಂಗಸರು ನೆಲಕ್ಕೆ ಕಾಲಿಡದೆ ಓಣಿಯ ಈ ತುದಿಯಿಂದ ಆ ತುದಿಗೆ ಹೋಗಿಬರುತ್ತಿದ್ದರು. ನಾನು ಅಂಗನವಾಡಿಯಲ್ಲಿ ಕೆಲಸಕ್ಕಿದ್ದವಳು. ಯಾರು ಬಸುರಿ, ಯಾರ ಕೂಸಿಗೆ ಹಲ್ಲು ಬಂತು, ಯಾರ ಮನೆಯ ಮುದುಕಿ ಊಟ ಬಿಟ್ಟಳು ಎಂಬುದೆಲ್ಲ ನನಗೆ ತಿಳಿದಿರಬೇಕಿತ್ತು. ಅದಕ್ಕಾಗಿ ಹೆಚ್ಚು ತಿರುಗುವ ಅಗತ್ಯವೇ ಇರಲಿಲ್ಲ. ಮಾಳಿಗೆ ಹತ್ತಿ ನಿಂತರೆ ಸಾಕು, ಸುದ್ದಿ ತಾನಾಗಿಯೇ ಬರುತ್ತಿತ್ತು.

ನಮ್ಮ ಅಡಿಗೆಮನೆಯ ಗೋಡೆಯಾಚೆ ಒಂದು ನೇಕಾರರ ಮನೆ. ಆ ಮನೆಯ ಸೊಸೆ ನನಗಿಂತ ಸ್ವಲ್ಪ ತಡವಾಗಿ ಊರಿಗೆ ಬಂದವಳು. ಹಾಗಾಗಿ ಮೊದಲ ದಿನದಿಂದಲೂ ನನ್ನನ್ನು "ಅಕ್ಕಾರ" ಎನ್ನುತ್ತಿದ್ದಳು. ಗೋಡೆಯಲ್ಲೊಂದು ಕಿಂಡಿಯಿತ್ತು. ಒಲೆಯ ಕೆಂಡ, ಮಜ್ಜಿಗೆ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾದ ಹಿಂಡಿ, ಒಮ್ಮೆ ಅವಳ ಹಸುಗೂಸು ಕೂಡ ಅದರೊಳಗಿಂದ ನನ್ನ ಕೈಗೆ ಬಂದಿದೆ. ಅವಳ ಗಂಡ ಕೆಮ್ಮುತ್ತ ಕೆಮ್ಮುತ್ತಲೇ ತೀರಿಕೊಂಡ. ಆಮೇಲೆ ಅವಳೇ ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗಕ್ಕಿಳಿದು ಸೀರೆ ನೇಯ್ದು ಮಗಳನ್ನು ಬೆಳೆಸಿದಳು, ಬೈಲಹೊಂಗಲಕ್ಕೆ ಕೊಟ್ಟು ಮದುವೆ ಮಾಡಿದಳು.

ಹೊಳೆ ಹಿಂದೆಯೂ ಬರುತ್ತಿತ್ತು. ಊರಬಾಗಿಲ ಅಗಸೆಯ ತನಕ ಬಂದು, ನಾಲ್ಕು ದಿನ ನಿಂತು ಹೋಗುತ್ತಿತ್ತು. ನಾವು ಊರು ಬಿಟ್ಟ ವರ್ಷ ಮಾತ್ರ ಹಾಗಾಗಲಿಲ್ಲ. ಒಂದು ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದಾಗ ಕಿಂಡಿಯಾಚೆಯಿಂದ ಅವಳ ದನಿ ಕೇಳಿತು.

"ಅಕ್ಕಾರ, ಮಗ್ಗದ ಕುಣಿಯೊಳಗ ನೀರು ಬಂದಾವ್ರಿ."

"ಮಳಿ ನೀರಿರಬೇಕು ಬಿಡು."

"ಅಲ್ರಿ. ತಳದಿಂದ ಏಳಾಕಹತ್ತಾವ."

ನಾವು ಮಾಳಿಗೆ ಹತ್ತುವಷ್ಟರಲ್ಲಿ ಓಣಿಯಲ್ಲಿ ಮೊಣಕಾಲ ಮಟ್ಟದ ಕೆಂಪು ನೀರು. ಅವಳು ಆಚೆಯಿಂದ ನಮ್ಮ ಮಾಳಿಗೆಗೆ ದಾಟಿ ಬಂದಳು. ಕೈಯಲ್ಲಿ ಇನ್ನೇನೂ ಇರಲಿಲ್ಲ, ಮಗ್ಗದಿಂದ ಕೊಯ್ದು ತಂದ ಅರ್ಧ ನೇಯ್ದ ಸೀರೆಯೊಂದೇ. ನನ್ನ ಗಂಡ ಇಬ್ಬರನ್ನೂ ಕೈಹಿಡಿದು ಶಾಲೆಯ ದಿನ್ನೆಗೆ ಕರೆದೊಯ್ದರು. ಸಂಜೆ ಅಲ್ಲಿಂದ ನೋಡುತ್ತಿದ್ದಂತೆಯೇ ನಮ್ಮ ಮನೆಗಳು ಕುಸಿದು ಕೂತವು. ಸದ್ದು ಕೂಡ ಬಹಳವಾಗಲಿಲ್ಲ, ಒದ್ದೆ ಮಣ್ಣು ನೋಡಿ.

ಆಮೇಲೆ ತಗಡಿನ ಶೆಡ್ಡುಗಳಲ್ಲಿ ಬಹಳ ಕಾಲ ಇದ್ದೆವು. ಬಿಸಿಲಿಗೆ ಬೇಯುತ್ತಿದ್ದವು, ಆದರೆ ಅವಳು ಪಕ್ಕದಲ್ಲೇ ಇದ್ದಳು. ತಗಡಿನಾಚೆ ಅವಳು ಮಗ್ಗುಲಾದರೂ ನನಗೆ ಗೊತ್ತಾಗುತ್ತಿತ್ತು.

ಮೊರಡಿಯ ಮೇಲೆ ಸರಕಾರ ಕಟ್ಟಿಸಿದ ಹೊಸ ಊರಿನಲ್ಲಿ ಮನೆಗಳನ್ನು ಚೀಟಿ ಎತ್ತಿ ಹಂಚಿದರು. ಯಾರಿಗೂ ಅನ್ಯಾಯವಾಗಬಾರದೆಂದು ಹಿರಿಯರೆಲ್ಲ ಸೇರಿ ಒಪ್ಪಿದ ಪದ್ಧತಿ ಅದು. ನಮಗೆ ರಸ್ತೆಯ ಪಕ್ಕದ ಮೊದಲ ಸಾಲು ಬಂತು. ಅವಳಿಗೆ ಹಳ್ಳದಾಚೆಯ ಕಡೆಯ ಸಾಲು. ನಮ್ಮ ಪಕ್ಕದ ಮನೆ ಬಂದವನ ಹತ್ತಿರ ಹೋಗಿ ಅದಲುಬದಲು ಮಾಡಿಕೊಳ್ಳುತ್ತೀಯಾ ಎಂದು ಕೇಳಿದೆ. "ಇಲ್ಲೇ ಕಿರಾಣಿ ಅಂಗಡಿ ಹಾಕಬೇಕಂತ ಮಾಡೇನ್ರಿ, ಒಳಗ ಹ್ವಾದ್ರ ಗಿರಾಕಿ ಎಲ್ಲಿ ಬರ್ತಾರ?" ಎಂದ. ಅವನ ಮಾತೂ ತಪ್ಪಲ್ಲ. ಅವಳೇ ನನಗೆ ಸಮಾಧಾನ ಹೇಳಿದಳು.

"ಊರು ಒಂದ ಐತೆಲ್ರಿ ಅಕ್ಕಾರ. ಕಾಲು ಅದಾವ, ಬರತೇನಿ."

ಮೊದಮೊದಲು ದಿನಾ ಬಂದಳು. ಕಾಂಕ್ರೀಟಿನ ನೆಲದಲ್ಲಿ ಕುಣಿ ತೋಡುವಂತಿರಲಿಲ್ಲ, ಹಾಗಾಗಿ ಮಗ್ಗ ಹೋಯಿತು. ಕಳೆ ಕೀಳಲು ಕೂಲಿಗೆ ಹೊರಟಳು. ಮೊಣಕಾಲು ಹಿಡಿದವು. ಬರುವುದು ವಾರಕ್ಕೊಮ್ಮೆಯಾಯಿತು, ಆಮೇಲೆ ಸಂತೆಯ ದಿನ ರಸ್ತೆಯಲ್ಲಿ ಸಿಕ್ಕರೆ ಮಾತು ಎಂಬಂತಾಯಿತು. ಹೊಸ ಊರು ಹಳೆಯದಕ್ಕಿಂತ ಎಷ್ಟೋ ದೊಡ್ಡದು. ಬಂಡಿ ತಿರುಗುವಷ್ಟು ಅಗಲದ ದಾರಿಗಳು, ನೇರ ಸಾಲುಗಳು. ಆದರೆ ಜನ ಕಡಿಮೆ. ಎಳೆಯ ಗಂಡಹೆಂಡಿರು ಗೋವಾಕ್ಕೆ, ರತ್ನಾಗಿರಿಗೆ ಕೆಲಸಕ್ಕೆ ಹೋದರು, ಮಕ್ಕಳೂ ಜೊತೆಗೆ ಹೋದವು. ನನ್ನ ಅಂಗನವಾಡಿಯಲ್ಲಿ ಚಾಪೆ ಉಳಿಯತೊಡಗಿತು.

ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಒಂದು ಬೆಳಿಗ್ಗೆ ಹಾಲು ಹಾಕುವವನು ಬಾಗಿಲಿಗೆ ಬಂದು ನಿಂತ.

"ಹಳ್ಳದಾಚಿ ನೇಕಾರವ್ವ ಹೋಗಿಬಿಟ್ಟಾಳ್ರಿ. ಜ್ವರ ಇತ್ತಂತ."

ಎಷ್ಟು ದಿನದಿಂದ ಜ್ವರವಿತ್ತು ಎಂದು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ. ಅವಳ ಪಕ್ಕದ ಎರಡು ಮನೆಗಳಿಗೂ ಬೀಗ.

ಮಗಳು ಬೈಲಹೊಂಗಲದಿಂದ ಬರುವ ತನಕ ಅವಳ ಪಕ್ಕ ನಾನೇ ಕೂತಿದ್ದೆ. ಬಂದವಳು ತಾಯಿಯ ಮುಖ ಹಿಡಿದು ಅತ್ತು, ಆಮೇಲೆ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಬೇಕೆಂದು ಹಟ ಹಿಡಿದಳು. ಅಪ್ಪ ಇದ್ದದ್ದು ಹಳೆಯ ಊರಿನ ಹೊಳೆದಂಡೆಯಲ್ಲಿ. ಎರೆಯ ಕೆಸರಿನಲ್ಲಿ ಟ್ರ್ಯಾಕ್ಟರು ಇಳಿಯುವುದಿಲ್ಲ, ಹೊತ್ತುಕೊಂಡೇ ಹೋಗಬೇಕು. ಸೇರಿದ ಗಂಡಸರೆಲ್ಲ ನನ್ನ ಗಂಡನ ವಯಸ್ಸಿನವರು, ಇಲ್ಲವೇ ಇನ್ನೂ ಹಿರಿಯರು. ಅರ್ಧ ದಾರಿಗೆ ಒಬ್ಬರು ಎದೆ ಹಿಡಿದುಕೊಂಡು ಬದುವಿನ ಮೇಲೆ ಕೂತರು. ಚಟ್ಟ ವಾಲಿತು. ನಾನು ಹೋಗಿ ಹೆಗಲು ಕೊಟ್ಟೆ.

"ಹೆಣ್ಮಕ್ಕಳು ಹೊರಬಾರದ್ರೀ," ಎಂದರು ಹಿಂದಿನಿಂದ ಯಾರೋ.

"ಮತ್ತ್ಯಾರದಾರ, ಕರೀರಿ," ಎಂದೆ.

ಮಗಳು ಬಂದು ಇನ್ನೊಂದು ಬದಿಗೆ ಹೆಗಲು ಕೊಟ್ಟಳು. ಕಾಲು ಹೂತುಹೋಗುತ್ತಿದ್ದವು, ಚಪ್ಪಲಿ ಎಲ್ಲೋ ಉಳಿದವು. ಚಟ್ಟದ ಮೇಲಿದ್ದವಳು ಎಷ್ಟು ಹಗುರಾಗಿದ್ದಳೆಂದರೆ ನನಗೆ ಆ ದಾರಿಯುದ್ದಕ್ಕೂ ಅದೊಂದೇ ಸಂಕಟ. ಇಷ್ಟು ಇಳಿದುಹೋದದ್ದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಮೂರನೆಯ ದಿನ ಮಗಳನ್ನು ಬಸ್ಸಿಗೆ ಹತ್ತಿಸಲು ಹೋದೆ. ಬಸ್ಸು ನಿಲ್ಲುವಲ್ಲಿನ ಬೇವಿನ ಗಿಡದ ಕೆಳಗೆ ನಿಂತಾಗ ಅವಳು ಕೇಳಿದಳು.

"ದೊಡ್ಡವ್ವಾ, ನಮ್ಮವ್ವ ಕಡೀಕ ನಿಮ್ಮ ಕೂಡ ಏನ್ ಮಾತಾಡಿದ್ಲು?"

ಅವಳವ್ವ ಕಡೆಯ ಸಲ ಸಂತೆಯ ದಿನ ಸಿಕ್ಕಿದ್ದಳು. ಏನಾದರೂ ದೊಡ್ಡ ಮಾತು ಹೇಳೋಣವೆನಿಸಿತು. ಹೇಳಲಾಗಲಿಲ್ಲ, ಇದ್ದದ್ದನ್ನೇ ಹೇಳಿದೆ.

"ಮೆಂತೆ ಪಲ್ಯೆ ಎಳೇದೈತಿ, ತಗೊಳ್ರಿ ಅಕ್ಕಾರ, ಬ್ಯಾಳ್ಯಾಗ ಹಾಕ್ರಿ, ಭಾವಾರಿಗೆ ಸೇರತೈತಿ ಅಂದ್ಲು. ಅಷ್ಟ."

"ಮೆಂತೆ ಪಲ್ಯೆ ಅಂದ್ಲಾ?" ಎಂದು ಮಗಳು ನಗಲು ಹೋಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಬಸ್ಸು ಬಂತು. ಮನೆಯ ಕೀಲಿಕೈಯನ್ನು ನನಗೆ ಕೊಟ್ಟು ಹತ್ತಿದಳು. ಅಮಾವಾಸ್ಯೆಗೊಮ್ಮೆ ಹೋಗಿ ಕಸ ಹೊಡೆದು ಬರುತ್ತೇನೆ. ಆ ಸಾಲಿನಲ್ಲಿ ಈಗ ಕದ ತೆರೆದಿರುವ ಮನೆಗಳು ಎರಡೋ ಮೂರೋ.