ಗಂಗಕ್ಕನ ಎಡಗೆನ್ನೆ

ಗಂಗಕ್ಕನ ಎಡಗೆನ್ನೆ ಬಲಗೆನ್ನೆಗಿಂತ ನುಣುಪಾಗಿತ್ತು. ಅಚ್ಯುತಾಪುರಂನ ನಮ್ಮ ಸಣ್ಣ ಕಾರ್ಖಾನೆಯಲ್ಲಿ ಮುಖ ತೊಳೆಯುವ ಸ್ಪಂಜು ತಯಾರಾದಾಗಲೆಲ್ಲ ಒಂದನ್ನು ನೆನೆಸಿ ಆ ಕೆನ್ನೆಗೇ ಉಜ್ಜಿ ನೋಡುತ್ತಿದ್ದಳು. ಬಲಗೆನ್ನೆ ಯಾಕಿಲ್ಲ ಎಂದರೆ, "ಅದು ನಮ್ಮ ಮನಿಯವ್ರದು. ನೌಕರಿಗೆ ಬರೂದಿಲ್ಲ" ಎನ್ನುತ್ತಿದ್ದಳು.

ಬಾಗಲಕೋಟೆ ಕಡೆಯವಳು. ಗಂಡ ನೌಕಾಪಡೆಯಲ್ಲಿ ಅಡುಗೆಯವರು. ವಿಶಾಖಪಟ್ಟಣದಿಂದ ನಾವಿಬ್ಬರೂ ಒಂದೇ ಬಸ್ಸಿಗೆ ಬರುತ್ತಿದ್ದೆವು. ಬಣ್ಣ ಕಲಸುವುದು ಆಕೆಯ ಕೆಲಸ. ಯಾವ ಪಾಕಕ್ಕೆ ಏನು ಬಿತ್ತೆಂದು, ಸರಕಿನ ಜೊತೆ ಹೋಗುವ ಚೀಟಿ ಬರೆದು ಸಹಿ ಹಾಕುವುದು ನನ್ನದು.

ಸ್ಪಂಜಿಗೆ ಬಳಸುವ ಕೊಂಜಾಕ್ ಎಂಬುದು ನಮ್ಮ ಸುವರ್ಣಗೆಡ್ಡೆಯ ದಾಯಾದಿ. ಅದರ ಹಿಟ್ಟು ನೀರಿನಲ್ಲಿ ಉಬ್ಬಿ ಅಂಬಲಿಯಾಗುತ್ತದೆ. ಏನೂ ಹಾಕದಿದ್ದರೆ ಸ್ಪಂಜು ಬೂದುಬಿಳಿ. ಬಿದಿರಿನ ಇದ್ದಿಲಿಗೆ ಕಪ್ಪು, ಕೆಮ್ಮಣ್ಣಿಗೆ ಇಟ್ಟಿಗೆ ಬಣ್ಣ, ಚಹಾ ಎಲೆಯ ಪುಡಿಗೆ ಮಾಸಲು ಹಸಿರು. ಬಣ್ಣ ಕಲಸಿದ ಮೇಲೆ ಸುಣ್ಣದ ತಿಳಿ ಬೆರೆಸಿ ಬೇಯಿಸಿದರೆ ಗಟ್ಟಿಯಾಗುತ್ತದೆ. ಮಂಜುಗಟ್ಟಿಸಿ ಕರಗಿಸಿದರೆ ಒಳಗೆ ರಂಧ್ರಗಳು ಮೂಡುತ್ತವೆ. "ಪಾಕೀಟಿನ ಕೆಮಿಕಲ್ ಬಣ್ಣ ತಾನ ಬಂದು ಮೈಮ್ಯಾಲ ಬೀಳ್ತದ. ಇದನ್ನ ನಾವ ಮಾತಾಡಸಬೇಕು" ಎನ್ನುತ್ತಿದ್ದಳು.

ವಿಜಯವಾಡದ ಗವರ್ನರ್‌ಪೇಟೆಯ ಸಗಟು ಅಂಗಡಿಯೊಂದು ದಸರೆಗೆ ಮುಂಚೆ ಅರಿಶಿಣದ ಸ್ಪಂಜು ಕೇಳಿತು. ಅದುವರೆಗೆ ನಾವು ಮಾಡಿರಲಿಲ್ಲ. ಸುಣ್ಣದ ತಿಳಿ ಬಿದ್ದದ್ದೇ ತಡ, ಹಳದಿ ಪಾಕ ಕೆಂಪಾಯಿತು. ಅಚ್ಚಿನಿಂದ ಬಂದ ಸ್ಪಂಜುಗಳೂ ಕೆಂಪು.

"ಇದೇಂಟಮ್ಮಾ, ಕುಂಕುಮಾನಾ?" ಎಂದರು ಮಾಲೀಕರು.

"ಆರತಿ ನೀರು ಮಾಡಿಲ್ಲೇನ್ರಿ ನಿಮ್ಮ ಮನ್ಯಾಗ? ಅರಿಶಿಣಕ್ಕ ಸುಣ್ಣ ತಾಗಿದ್ರ ಕೆಂಪ ಆಗ್ತದ. ಸುಣ್ಣ ತೊಳದು ಹೋದ್ರ ಅರಿಶಿಣ ತಿರುಗಿ ಬರ್ತದ. ನಾಳಿ ಮುಂಜಾನಿತನಕ ತೊಟ್ಟಿ ನೀರಾಗ ಬಿಡ್ರಿ."

ಲಾರಿ ಮರುದಿನ ಸಂಜೆಗಿತ್ತು. ಮಾಲೀಕರಿಗೆ ನಂಬಿಕೆ ಬರಲಿಲ್ಲ. ಪಾಕೀಟಿನ ಹಳದಿ ತರಿಸಿ ಬೇರೆ ಪಾಕ ಹಾಕಿಸಿದರು. ಚೀಟಿಯನ್ನು ನನ್ನ ಮುಂದಿಟ್ಟರು. ಬಣ್ಣ ಎಂಬ ಸಾಲಿನಲ್ಲಿ ನಾನು 'ಅರಿಶಿಣ' ಎಂದು ಬರೆದು ಸಹಿ ಹಾಕಿದೆ. ಗಂಗಕ್ಕ ಪಕ್ಕದಲ್ಲೇ ನಿಂತಿದ್ದಳು.

"ನಿನ್ನ ಅಕ್ಷರ ಭಾಳ ಚಂದ ಅದಾವ, ತಂಗಿ" ಎಂದಳು. ಕೆಂಪು ಸ್ಪಂಜುಗಳ ತೊಟ್ಟಿಗೆ ಮತ್ತೊಮ್ಮೆ ಹೊಸ ನೀರು ಬಿಟ್ಟು, ಮೇಲಂಗಿ ಕಳಚಿ ಮೊಳೆಗೆ ಸಿಕ್ಕಿಸಿ ಹೊರಟುಹೋದಳು. ಮರುದಿನ ಬರಲಿಲ್ಲ.

ಬೆಳಿಗ್ಗೆ ತೊಟ್ಟಿಯ ಮುಚ್ಚಳ ತೆಗೆದೆ. ಅಷ್ಟೂ ಹಳದಿ. ಮೆತ್ತಗಿನ, ತುಸು ಮಂಕಾದ ಹಳದಿ. ಮಾಲೀಕರು ಎರಡು ಬಗೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ, ಹೊಳೆಯುವುದನ್ನೇ ಲಾರಿಗೆ ಹಾಕಿಸಿದರು. ಸಂಜೆಯವರೆಗೂ ಸಮಯವಿತ್ತು. ಮೂರು ಸಲ ಚೀಟಿಯ ಮೇಜಿನವರೆಗೆ ಹೋದೆ. ತಿದ್ದಲಿಲ್ಲ.

ತೊಟ್ಟಿಯದೊಂದನ್ನು ಆಕೆಯ ಮನೆಗೆ ಒಯ್ದೆ. ನೆನೆಸಿ ಎಡಗೆನ್ನೆಗೆ ಉಜ್ಜಿಕೊಂಡು ಕಣ್ಣು ಮುಚ್ಚಿದಳು. ಆಮೇಲೆ ಕೇಳಿದಳು: "ಚೀಟಿ?"

"ಹಾಗೇ ಹೋಯ್ತು, ಗಂಗಕ್ಕ."

ಚಹಾ ಕೊಟ್ಟಳು. "ಸುಣ್ಣಕ್ಕ ಕೆಂಪಾದ್ರ ಅರಿಶಿಣ. ಆಗದಿದ್ರ ಬರೇ ಹಳದಿ. ಯಾರರ ಕೇಳಿದ್ರ ಇಷ್ಟರ ಹೇಳು" ಎಂದಳು. ಮುಂದಿನ ತಿಂಗಳು ಗಂಡನಿಗೆ ಕಾರವಾರಕ್ಕೆ ವರ್ಗವಾಯಿತು. ಆಕೆಯ ಹಳೆಯ ನಂಬರು ಈಗ ಹತ್ತುವುದಿಲ್ಲ.

ಯಾರೂ ಕೇಳಲಿಲ್ಲ. ಮೊನ್ನೆ ವಿಜಯವಾಡದಲ್ಲಿ ಅಮ್ಮನವರ ದರ್ಶನ ಮುಗಿಸಿ ಇಂದ್ರಕೀಲಾದ್ರಿಯಿಂದ ಇಳಿದವಳು ಆಟೋ ಹಿಡಿದು ಗವರ್ನರ್‌ಪೇಟೆಗೆ ಹೋದೆ. ಅದೇ ಅಂಗಡಿ, ಅದೇ ಸ್ಪಂಜು. ಒಂದನ್ನು ಕೊಂಡು, ಎದುರಿನ ಪಾನ್ ಅಂಗಡಿಯವನಲ್ಲಿ ಬೆರಳ ತುದಿಯಷ್ಟು ಸುಣ್ಣ ಕೇಳಿ, ನೆನೆಸಿ ಹಚ್ಚಿದೆ. ಕಾದೆ. ಹಳದಿ ಅಲುಗಲಿಲ್ಲ.

ರಸ್ತೆ ದಾಟಿ ವಾಪಸು ಹೋಗಿ, ಇದು ಅರಿಶಿಣವಲ್ಲ ಎಂದು ತೆಲುಗಿನಲ್ಲಿ ಹೇಳಿದೆ.

"ಎವರು ಚೆಪ್ಪಾರಮ್ಮಾ?" ಯಾರು ಹೇಳಿದರೆಂದು ಅಂಗಡಿಯವರು ನಕ್ಕರು. "ಚೀಟಿ ಇದೆಯಲ್ಲ, ಸಹಿ ಇದೆ."

"ಆ ಸಹಿ ನನ್ನದು" ಎಂದೆ.